ಸಮಾಜ ಕಾರ್ಯಕರ್ತರಿಗೆ ವಿಪತ್ತು ನಿರ್ವಹಣೆಯ ತರಬೇತಿ ಬೇಕು

ಸಂಪಾದಕರೇ,

ನೆರೆ, ಭೂಕಂಪದಂಥ ಹೊತ್ತಿನಲ್ಲಿ ನೆರವಿಗೆ ಓಡಿ ಬರುವ ಸಮಾಜ ಕಾರ್ಯಕರ್ತರಲ್ಲಿ ಹಲವರಿಗೆ ಆ ಕೆಲಸದ ತರಬೇತಿಯೇ ಸಿಕ್ಕಿರುವುದಿಲ್ಲ. ಒಳ್ಳೆಯ ಮನಸ್ಸಿದ್ದರೆ ಸಾಕು ಅಂದುಕೊಳ್ಳುತ್ತೇವೆ. ಸಾಲದು. ಪರಿಹಾರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ ಬೇಕು ಎನ್ನುತ್ತದೆ ಪರಿಹಾರ ಕಾರ್ಯದ ಕನಿಷ್ಠ ಮಾನದಂಡಗಳನ್ನು ಹೇಳುವ ಅಂತರರಾಷ್ಟ್ರೀಯ ‘ಸ್ಫಿಯರ್’ ಕೈಪಿಡಿ. ಈ ಲೆಕ್ಕ ತಪ್ಪಿದರೆ ಜಾಸ್ತಿ ನರಳುವವರು ಹೆಂಗಸರು, ಮಕ್ಕಳು, ವಯಸ್ಸಾದವರು. ಇನ್ನು, ಮನೆಯವರನ್ನು ಕಳೆದುಕೊಂಡವರ ಹತ್ತಿರ ಏನಾಯ್ತು ಎಂದು ಕೆದಕಿ ಕೇಳಬಾರದು. ಅವರಾಗಿಯೇ ಮಾತಾಡಿದರೆ ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು. ಇದೂ ಕಲಿತೇ ಬರಬೇಕಾದದ್ದು, ಅಲ್ವಾ?

ಸಮಾಜಕಾರ್ಯ ಪದವಿಯಲ್ಲಿ ವಿಪತ್ತು ನಿರ್ವಹಣೆಯನ್ನು ಕಡ್ಡಾಯ ಮಾಡಲಿ. ಈಗಾಗಲೇ ಕೆಲಸದಲ್ಲಿರುವವರಿಗೂ ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯ ಮೂಲಕ ಅಭ್ಯಾಸ ಕೊಡಿಸಲಿ.

– ಓದುಗರೊಬ್ಬರು