ಮತಪತ್ರದ ಎರಡನೇ ಹೆಸರು

ಆತ್ಮೀಯ ಸದಸ್ಯರೇ,

ಊರಿನಿಂದ ಬಂದ ಹಿರಿಯರ ಮುಂದೆ ‘ಲೆಫ್ಟಿನೆಂಟ್ ಗವರ್ನರ್’ ಅಂದೊಡನೆ ಅವರಿಗೆ ದೆಹಲಿಯೋ ಪುದುಚೇರಿಯೋ ನೆನಪಾಗುತ್ತದೆ. ಅಲ್ಲಿ ರಾಷ್ಟ್ರಪತಿಗಳು ನೇಮಿಸುತ್ತಾರೆ. ನಮ್ಮ ನ್ಯೂಜೆರ್ಸಿಯಲ್ಲಿ ಗವರ್ನರ್ ಜೊತೆ ಜೋಡಿಯಾಗಿ ಗೆದ್ದು ಬರಬೇಕು. ಮತ ಒಂದು, ಹೆಸರು ಎರಡು. ಹೊಸದಾಗಿ ಪೌರತ್ವ ಪಡೆದ ನಮ್ಮವರು ಆ ಎರಡನೇ ಹೆಸರನ್ನೂ ವಿಚಾರಿಸಿ ಮತ ಹಾಕಲಿ ಎಂಬುದು ನನ್ನ ಕೋರಿಕೆ.

2010ಕ್ಕೆ ಮುಂಚೆ ಇಲ್ಲಿ ಆ ಕುರ್ಚಿಯೇ ಇರಲಿಲ್ಲ. ಗವರ್ನರ್ ಸ್ಥಾನ ತೆರವಾದರೆ ರಾಜ್ಯದ ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರೇ ಎರಡೂ ಹೊಣೆ ಹೊರುತ್ತಿದ್ದರು; ಮಸೂದೆ ಪಾಸು ಮಾಡಿಸುವವರೂ ಅವರೇ, ಅದಕ್ಕೆ ಸಹಿ ಹಾಕುವವರೂ ಅವರೇ. 2002ರ ಜನವರಿಯಲ್ಲಂತೂ ಅಟಾರ್ನಿ ಜನರಲ್ ಜಾನ್ ಫಾರ್ಮರ್ ಸುಮಾರು ಒಂದೂವರೆ ಗಂಟೆ ಹಂಗಾಮಿ ಗವರ್ನರ್ ಆಗಿದ್ದರು.

2004ರ ನವೆಂಬರಿನಲ್ಲಿ ಗವರ್ನರ್ ಜಿಮ್ ಮೆಕ್‌ಗ್ರೀವಿ ರಾಜೀನಾಮೆ ಕೊಟ್ಟಾಗ ಸೆನೆಟ್ ಅಧ್ಯಕ್ಷ ರಿಚರ್ಡ್ ಕೋಡಿ 14 ತಿಂಗಳು ರಾಜ್ಯ ನಡೆಸಿದರು. ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1987ರಲ್ಲಿ, ಸೆನೆಟರ್ ಆಗಿದ್ದಾಗಲೇ, ಸತ್ತುಹೋದ ಒಬ್ಬ ಅಪರಾಧಿಯ ಹೆಸರು ಹೇಳಿಕೊಂಡು ಮಾರ್ಲ್‌ಬರೊ ಮಾನಸಿಕ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕನ ಕೆಲಸಕ್ಕೆ ಸೇರಿದರು. ಹಿಂದುಮುಂದು ವಿಚಾರಿಸದೆ ಕೆಲಸ ಕೊಡುವುದನ್ನೂ ರೋಗಿಗಳ ಪಾಡನ್ನೂ ಕಣ್ಣಾರೆ ಕಂಡು ಬಯಲಿಗೆ ತಂದರು. ಇವತ್ತು ನಮ್ಮ ಎಷ್ಟೋ ಕುಟುಂಬಗಳು ಮನೆಮಾಡಿರುವ ಅದೇ ಮಾರ್ಲ್‌ಬರೊ! ಮುಂದೆ ಗವರ್ನರ್ ಗಾದಿಯಲ್ಲಿ ಕೂತಾಗಲೂ ಅವರು ಮಾನಸಿಕ ಆರೋಗ್ಯವನ್ನು ಮರೆಯಲಿಲ್ಲ.

2005ರಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆ ತರುವ ರಾಜ್ಯ ಸಂವಿಧಾನ ತಿದ್ದುಪಡಿಗೆ ಜನ ಒಪ್ಪಿದರು. 2009ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತ ಕ್ರಿಸ್ ಕ್ರಿಸ್ಟಿ ಜೊತೆ ಕಿಮ್ ಗ್ವಾಡಾನ್ಯೊ ಆ ಹುದ್ದೆಗೆ ಗೆದ್ದರು. ಮರುವರ್ಷ ಡಿಸೆಂಬರಿನ ಆ ಹಿಮಪಾತ ನೆನಪಿದೆಯೇ? ನಮ್ಮ ಬೀದಿಯಲ್ಲಿ ಯಾರ ಕಾರು ಯಾವುದೆಂದು ಗುರುತು ಹತ್ತುತ್ತಿರಲಿಲ್ಲ. ಗವರ್ನರ್ ಫ್ಲಾರಿಡಾದಲ್ಲಿ, ಲೆಫ್ಟಿನೆಂಟ್ ಗವರ್ನರ್ ಮೆಕ್ಸಿಕೊದಲ್ಲಿ. ಮತ್ತೆ ಸೆನೆಟ್ ಅಧ್ಯಕ್ಷರೇ ಗತಿಯಾದರು. ಕಾನೂನು ತಪ್ಪಲಿಲ್ಲ ನಿಜ, ಆದರೆ ಇಬ್ಬರಲ್ಲಿ ಒಬ್ಬರಾದರೂ ಊರಲ್ಲಿರಬೇಕಿತ್ತು ಎಂದೇ ಇಂದಿಗೂ ನನ್ನ ಅಭಿಪ್ರಾಯ.

ನಂತರ ಬಂದ ಶೀಲಾ ಆಲಿವರ್ ಆ ಹುದ್ದೆಗೆ ತೂಕ ತಂದರು. ವಿಧಾನಸಭೆಯ ಸ್ಪೀಕರ್ ಆಗಿ ಪಳಗಿದವರು. ವಸತಿ ವಿಷಯಗಳನ್ನು ನೋಡುವ ಸಮುದಾಯ ವ್ಯವಹಾರಗಳ ಇಲಾಖೆಯೂ ಅವರ ಕೈಯಲ್ಲೇ ಇತ್ತು. 2023ರ ಜುಲೈ ಕೊನೆಯಲ್ಲಿ ಗವರ್ನರ್ ಫಿಲ್ ಮರ್ಫಿ ರಜೆಯ ಮೇಲೆ ಹೊರದೇಶದಲ್ಲಿದ್ದರು. ಹಂಗಾಮಿ ಗವರ್ನರ್ ಆಗಿದ್ದ ಆಲಿವರ್ 31ರಂದು ಆಸ್ಪತ್ರೆ ಸೇರಿದರು, ಮರುದಿನ ತೀರಿಕೊಂಡರು.