ಮೈಕ್ರೋವೇವ್ ಚಹಾ: ಇದು ಸಂಸ್ಕಾರದ ಮಾತಲ್ಲ, ವೋಲ್ಟೇಜಿನ ಮಾತು

ಮಾನ್ಯ ಸಂಪಾದಕರೇ,

ಉಪ್ಪು ಹಾಕಿದ ಚಹಾದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಮೈ ಉರಿಯಿತು. ಪೆನ್ಸಿಲ್ವೇನಿಯಾದ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಮಿಶೆಲ್ ಫ್ರಾಂಕ್ಲ್ ಹೇಳಿದ್ದು ಇಷ್ಟೇ: ನಾಲಿಗೆಗೆ ಗೊತ್ತೇ ಆಗದಷ್ಟು ಉಪ್ಪು ಹಾಕಿದರೆ ಅದರ ಸೋಡಿಯಂ ಚಹಾದ ಕಹಿ ತಗ್ಗಿಸುತ್ತದೆ. ಅಷ್ಟಕ್ಕೇ ಜನವರಿ 24ರಂದು ಲಂಡನ್ನಿನ ಅಮೆರಿಕ ರಾಯಭಾರ ಕಚೇರಿ, ಉಪ್ಪು ನಮ್ಮ ಸರ್ಕಾರದ ನೀತಿಯಲ್ಲ, ನಾವು ಚಹಾವನ್ನು ಸರಿಯಾದ ಕ್ರಮದಲ್ಲಿ ಅಂದರೆ ಮೈಕ್ರೋವೇವ್‌ನಲ್ಲೇ ಮಾಡುತ್ತೇವೆ ಎಂದು ಹೇಳಿಕೆ ಹೊರಡಿಸಿತು. ಕೆಟಲ್ ಇಲ್ಲದೆ ಚಹಾ ಇಲ್ಲ ಎಂದು ಬ್ರಿಟನ್ ಸರ್ಕಾರದ ಕ್ಯಾಬಿನೆಟ್ ಕಚೇರಿಯೂ ಉತ್ತರ ಕೊಟ್ಟಿತು. ಇಬ್ಬರದೂ ತಮಾಷೆ, ಒಪ್ಪೋಣ. ನೀವು ಮಾತ್ರ ಗಂಭೀರವಾಗಿ, ಅಮೆರಿಕದವರಿಗೆ ಚಹಾದ ಸಂಸ್ಕಾರವಿಲ್ಲ ಎಂದು ಷರಾ ಬರೆದು ಕೈತೊಳೆದುಕೊಂಡಿರಿ.

ಸ್ವಾಮಿ, ಬ್ರಿಟನ್ನಿನ ಮನೆಗಳಿಗೆ ಬರುವುದು 230 ವೋಲ್ಟ್. 13 ಆಂಪಿಯರ್ ಫ್ಯೂಸ್ ಪ್ಲಗ್ಗಿನ ಹೊಟ್ಟೆಯಲ್ಲೇ ಕೂತಿರುತ್ತದೆ. ಹಾಗಾಗಿ 3 ಕಿಲೋವ್ಯಾಟ್ ಕೆಟಲ್ ಇಲ್ಲಿ ಸಲೀಸಾಗಿ ನಡೆಯುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಸಾಕೆಟ್ 120 ವೋಲ್ಟ್, 15 ಆಂಪಿಯರ್. ಕೆಟಲ್ 1500 ವ್ಯಾಟಿನ ಆಚೀಚೆಗೆ ನಿಲ್ಲುತ್ತದೆ. ಇಲ್ಲಿ 2 ನಿಮಿಷಕ್ಕೆ ಕುದಿಯುವ 1 ಲೀಟರ್ ನೀರಿಗೆ ಅಲ್ಲಿ ಸುಮಾರು 4 ನಿಮಿಷ. ಹೇಗೂ ಕಾಫಿ ಕುಡಿಯುವ ಜನ, ಆಗೊಮ್ಮೆ ಈಗೊಮ್ಮೆ ಮಾಡುವ ಒಂದು ಲೋಟ ಚಹಾಕ್ಕೆ ಮೈಕ್ರೋವೇವ್ ಬಾಗಿಲು ತೆರೆಯುತ್ತಾರೆ. ಅದರಲ್ಲಿ ದೋಷವಿಲ್ಲವೆಂದಲ್ಲ. ಲೋಟದ ಮೇಲಿನ ನೀರು ಸುಡುತ್ತಿದ್ದರೂ ಕೆಳಗಿನದು ಅಷ್ಟು ಕಾದಿರುವುದಿಲ್ಲ, ಚಹಾ ಸೊಪ್ಪು ಸರಿಯಾಗಿ ರಸ ಬಿಡುವುದಿಲ್ಲ. ನುಣುಪಾದ ಲೋಟದಲ್ಲಿ ನೀರು ಗುಳ್ಳೆಯೇ ಏಳದೆ 100 ಡಿಗ್ರಿ ದಾಟಿರಬಹುದು. ಆಗ ಟೀ ಬ್ಯಾಗ್ ಇಳಿಬಿಟ್ಟರೆ ಭಗ್ಗನೆ ಉಕ್ಕಿ ಕೈ ಸುಡುತ್ತದೆ. ಮೊದಲೇ ಒಂದು ಮರದ ಚಮಚ ಹಾಕಿಟ್ಟರೆ ಆಯಿತು. ಇದರಲ್ಲಿ ಒಂದು ಸಾಲಾದರೂ ನಿಮ್ಮ ವರದಿಯಲ್ಲಿತ್ತೇ? (ಹಾಲು, ಸೊಪ್ಪು, ಶುಂಠಿ ಒಟ್ಟಿಗೆ ಕುದಿಸುವ ನಮಗೆ ಇವರಿಬ್ಬರದೂ ಕಲಗಚ್ಚೇ. ಅದು ಬೇರೆ ಮಾತು.)

ನಿಮ್ಮ ವರದಿಯ ಫಲ ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲೇ ಕಂಡಿತು. ನ್ಯೂಜೆರ್ಸಿಯಿಂದ ಬಂದಿರುವ ನಾದಿನಿ, ನಮಗೂ ಕೆಟಲ್ ಗೊತ್ತು ಎಂದು ರೋಷದಿಂದ ತನ್ನದನ್ನು ಅಡಾಪ್ಟರಿಗೆ ಸಿಕ್ಕಿಸಿದಳು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. 120 ವೋಲ್ಟಿನ 1500 ವ್ಯಾಟ್ ಕಾಯಿಲ್ 230ರಲ್ಲಿ 24 ಆಂಪಿಯರ್ ಎಳೆಯುತ್ತದೆ, ಅಂದರೆ ಸುಮಾರು 5500 ವ್ಯಾಟ್. ಅಡಾಪ್ಟರ್ ಹೋಯಿತು, ಕೆಟಲ್ ಹೋಯಿತು, ಭಾನುವಾರದ ಚಹಾ ಹೋಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಫೋನ್ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿರುತ್ತದೆ, ಅದಕ್ಕೆ ಅಡಾಪ್ಟರ್ ಸಾಕು. ಬಿಸಿಯಾಗುವ ಯಾವುದನ್ನೇ ಆಗಲಿ, ತಳ ತಿರುಗಿಸಿ ಓದದೆ ಸಿಕ್ಕಿಸಬಾರದು. ಊರಿನ ಮಿಕ್ಸಿಯನ್ನು ಅಮೆರಿಕಕ್ಕೆ ಹೊತ್ತವರದು ಇದರ ಉಲ್ಟಾ ಪಾಡು: ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಅದು ನರಳುತ್ತದೆಯೇ ಹೊರತು ಚಟ್ನಿ ಅರೆಯುವುದಿಲ್ಲ.

ಇನ್ನು ರಾಯಭಾರ ಕಚೇರಿಯ ಪುರುಸೊತ್ತು ನೋಡಿ. ಲಂಡನ್ನಿನ ನಡುಭಾಗಕ್ಕೆ ವಾಹನ ತಂದರೆ ಕಟ್ಟಬೇಕಾದ, 2003ರಿಂದ ಇರುವ ದಟ್ಟಣೆ ಶುಲ್ಕವನ್ನು, ಇದು ತೆರಿಗೆ, ನಮಗೆ ಅನ್ವಯಿಸದು ಎಂದು ಅವರು ಕಟ್ಟುತ್ತಿಲ್ಲ. ಬಾಕಿ ಕೋಟಿ ಪೌಂಡ್ ದಾಟಿ ಕೂತಿದೆ. ಬೆಂಗಳೂರಿನವರು ಅಮೆರಿಕದ ವೀಸಾ ಸಂದರ್ಶನಕ್ಕೆ ವರ್ಷಗಟ್ಟಲೆ ಚೆನ್ನೈ ರೈಲು ಹತ್ತಿದ್ದಾರೆ. ಚಹಾಕ್ಕೆ ಮಾತ್ರ ಅದೇ ದಿನ ಹೇಳಿಕೆ! ನಮ್ಮವರೇನು ಕಮ್ಮಿ? ಬ್ರಿಟನ್ನಿನ ಫೋಟೊ ಬೂತ್ ಕೊಡುವುದು 35×45 ಮಿ.ಮೀ. ಚಿತ್ರ, ಭಾರತದ ಪಾಸ್‌ಪೋರ್ಟ್ ಅರ್ಜಿಗೆ 2024ರಲ್ಲೂ ಅಮೆರಿಕದವರ ಹಾಗೆ 2 ಇಂಚಿನ ಚೌಕವೇ ಆಗಬೇಕಿತ್ತು. ದಿನಾಂಕ ಮಾತ್ರ ಬ್ರಿಟಿಷ್ ಕ್ರಮದಲ್ಲಿ. ಅಮೆರಿಕದ ಅಭ್ಯಾಸದಲ್ಲಿ 4/7 ಎಂದು ಬರೆದವರ ಏಪ್ರಿಲ್ ಇಲ್ಲಿ ಜುಲೈ ಆಗುತ್ತದೆ, ಕೌಂಟರಿನಲ್ಲಿ ಬೈಸಿಕೊಳ್ಳುವವರು ನಾವು.

ಆದ್ದರಿಂದ ರಾಯಭಾರ ಕಚೇರಿ ಮೊದಲು ಬಾಕಿ ಕಟ್ಟಲಿ, ಇಲ್ಲವೇ ಒಂದು 3 ಕಿಲೋವ್ಯಾಟ್ ಕೆಟಲ್ ಕೊಳ್ಳಲಿ. ಅವರ ಕಟ್ಟಡ ಇರುವ ನೈನ್ ಎಲ್ಮ್ಸ್‌ನಲ್ಲೂ ಬರುವುದು 230 ವೋಲ್ಟೇ. ನೀವು ತಿದ್ದುಪಡಿ ಹಾಕಿ, ಅಥವಾ ಮುಂದಿನ ಸಲ ಬರೆಯುವ ಮುನ್ನ ಬೀದಿಯ ಯಾವನಾದರೂ ವೈರ್‌ಮನ್‌ನನ್ನು ಕೇಳಿ. ಏನಾದರೊಂದು ಮಾಡಿ.

— ನಿಮ್ಮ ಓದುಗ, ಹೌನ್ಸ್ಲೋ, ಲಂಡನ್
28 ಜನವರಿ 2024