ಪಿನ್ನು ಮುಟ್ಟುವ ಮುಂಚೆ ಇಂಜಿನ್ ಆರಿಸು

ಪ್ರೀತಿಯ ಭೀಮು,

ಅಕ್ಕ ನಿನ್ನೆ ಫೋನ್ ಮಾಡಿದ್ದಳು. ನೀನು ಬೋಟಿಗೆ 15 ಎಚ್‌ಪಿ ಇಂಜಿನ್ ಕೂರಿಸಿದ್ದೀಯಂತೆ. ಖುಷಿಯಾಯಿತು. ಆದರೆ ಜೋರಾಗಿ ಬಿಟ್ಟರೆ ಬೋಟಿನ ಮೂತಿ ಮುಗಿಲು ನೋಡ್ತದ, ಮಾಮಾಗೆ ಕೇಳವ್ವ ಅಂದೆಯಂತೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಇಂಜಿನ್ ಕಚ್ಚಿಕೊಂಡಿರುವ ಬ್ರಾಕೆಟ್ಟಿನಲ್ಲಿ ನಾಲ್ಕೈದು ತೂತು, ಒಂದು ಪಿನ್ನು ಇದೆ ಅಲ್ವಾ, ಇಂಜಿನ್ನಿನ ಓರೆ ಹೊಂದಿಸುವ ಟ್ರಿಮ್ ಅಂದರೆ ಅದೇ. ಪಿನ್ನು ಬೋಟಿನ ಕಡೆಗೆ ಬಂದಷ್ಟೂ ಇಂಜಿನ್ನಿನ ಪಂಕಾ ಇರುವ ಕಾಲು ಒಳಗೆ ಸರಿಯುತ್ತದೆ, ಮೂತಿ ತಗ್ಗುತ್ತದೆ. ಹೊರಗಿನ ತೂತಿಗೆ ಹಾಕಿದರೆ ಮೂತಿ ಏಳುತ್ತದೆ. ನೀನು ಒಂದೇ ತೂತು ಒಳಗೆ ತಂದು ನೋಡು. ಒಮ್ಮೆಗೇ ಪೂರ್ತಿ ಒಳಗೆ ತಂದರೆ ಮೂತಿ ನೀರು ಉಳಲು ಶುರು ಮಾಡುತ್ತದೆ, ಹ್ಯಾಂಡಲ್ ಭಾರವಾಗಿ ಬೋಟು ಒಂದು ಕಡೆಗೆ ಎಳೆಯುತ್ತದೆ. ಜಾಸ್ತಿ ಹೊರಗಾದರೆ ಬೋಟು ಕುದುರೆಯ ಹಾಗೆ ಕುಣಿಯುತ್ತದೆ, ಪಂಕಾ ಗಾಳಿ ಎಳೆದುಕೊಂಡು ಇಂಜಿನ್ ಸುಮ್ನೆ ಕಿರುಚುತ್ತದೆ, ಓಟ ಮಾತ್ರ ಇರುವುದಿಲ್ಲ. ಪಂಕಾದ ಮೇಲೆ ಒಂದು ಅಗಲ ತಗಡು ಇದೆಯಲ್ಲ, ಓಡುವಾಗ ಅದು ಬೋಟಿನ ತಳಕ್ಕೆ ಸಮವಾಗಿ ಇದ್ದರೆ ಸಾಕು.

ಪಿನ್ನಿಗೆ ಕೈ ಹಾಕುವ ಮುಂಚೆ ಇನ್ನೊಂದು ನೋಡು. ಬಲೆ, ಐಸ್ ಡಬ್ಬಿ, ಪೆಟ್ರೋಲ್ ಟ್ಯಾಂಕು ಎಲ್ಲಾ ಹಿಂದೆ ಒಟ್ಟಿ, ನೀನೂ ಹಿಂದೆಯೇ ಕೂತರೆ ಯಾವ ತೂತಿಗೆ ಹಾಕಿದರೂ ಮೂತಿ ಏಳುವುದೇ. ಮೊದಲು ಸಾಮಾನು ಮುಂದಕ್ಕೆ ಸರಿಸು. ಅರ್ಧ ರೋಗ ಅಲ್ಲೇ ವಾಸಿ.

ಈಗ ಬೈಗುಳ. ಇಂಜಿನ್ ಓಡುವಾಗ ಪಿನ್ನು ಮುಟ್ಟಬೇಡ. ದಂಡೆಗೆ ಬಾ, ನ್ಯೂಟ್ರಲ್ಲಿಗೆ ಹಾಕು, ಆರಿಸು, ಕಿತ್ತರೆ ಇಂಜಿನ್ ಆರುವ ಆ ಕೆಂಪು ಸುರುಳಿ ದಾರ ಕಿತ್ತು ಜೇಬಿಗೆ ಹಾಕಿಕೋ, ಆಮೇಲೆ ಕೈ ಹಾಕು. ನನ್ನ ಎಡಗೈ ತೋರುಬೆರಳಿನ ಉಗುರು ಸೊಟ್ಟ ಇರುವುದು ಬಾವಿ ಗಡಗಡಿಯಿಂದ ಅಂತ ನಿಮ್ಮತ್ತೆಗೆ ಹೇಳಿದ್ದೇನೆ. ಸುಳ್ಳು. ಇಂಜಿನ್ ಎತ್ತಿ, ಆಸರೆ ಕೊಕ್ಕೆ ಬಿತ್ತೋ ಇಲ್ಲವೋ ನೋಡದೆ ಬ್ರಾಕೆಟ್ಟಿನೊಳಗೆ ಬೆರಳು ಇಟ್ಟಿದ್ದೆ. 15 ಎಚ್‌ಪಿ ಇಂಜಿನ್ ಅಂದರೆ ಹತ್ತಿರ ಹತ್ತಿರ ಅಕ್ಕಿ ಮೂಟೆಯ ಭಾರ, ಬಿದ್ದರೆ ಕೇಳಿ ಬೀಳುತ್ತದೆಯೇ? ಹಾಗಾಗಿ ಕೊಕ್ಕೆ ಕೂತ ಮೇಲೂ ಒಮ್ಮೆ ಅಲುಗಾಡಿಸಿ ನೋಡು. ಬಟನ್ ಒತ್ತಿದರೆ ಏಳುವ ದೊಡ್ಡ ಇಂಜಿನ್ ಮುಂದೆ ಸಿಕ್ಕರೂ ಅಷ್ಟೇ, ಎಣ್ಣೆಯ ಒತ್ತಡ ನಂಬಿ ಕೆಳಗೆ ಕೈ ಚಾಚಬೇಡ.

ಪಂಕಾಕ್ಕೆ ಬಲೆ ಸುತ್ತಿದಾಗಲೂ ಇದೇ ಕ್ರಮ. ಆರಿಸದೆ ಹಿಂದಕ್ಕೆ ಬಗ್ಗಿದೆ ಅಂತ ಗೊತ್ತಾದರೆ ಬೋಟಿನ ಕೀಲಿ ನಾನೇ ಇಟ್ಟುಕೊಳ್ಳುತ್ತೇನೆ, ತಮಾಷೆಯಲ್ಲ.

ನಾರಾಯಣಪುರದ ಹಿನ್ನೀರು ನಿನಗೆ ನಾನು ಹೇಳಬೇಕೇ? ಎಡದಂಡೆ ಕಾಲುವೆಗೆ ನೀರು ಬಿಟ್ಟ ಹಾಗೆಲ್ಲ ಇಳಿಯುತ್ತದೆ, ಮೊನ್ನೆ ಆಳದಲ್ಲಿದ್ದ ಬಂಡೆ ಇವತ್ತು ಒಂದು ಗೇಣು ನೀರಲ್ಲಿ ಕೂತಿರುತ್ತದೆ. ಮುಂದಕ್ಕೆ ಹೋಗುವಾಗ ಇಂಜಿನ್ ಮೇಲೇಳದಂತೆ ಹಿಡಿಯುವ ಟಿಲ್ಟ್ ಲಾಕ್ ಬಿಟ್ಟಿರಲಿ, ಬಂಡೆ ತಾಗಿದರೆ ಇಂಜಿನ್ ತಾನೇ ಮೇಲೆದ್ದು ಪಾರಾಗುತ್ತದೆ. ರಿವರ್ಸಿನಲ್ಲಿ ಮಾತ್ರ ಲಾಕ್ ಬಿದ್ದಿರಲೇಬೇಕು, ಇಲ್ಲದಿದ್ದರೆ ತಿರುಗುವ ಪಂಕಾ ನೀರು ಬಿಟ್ಟು ಮೇಲೆ ಚಿಮ್ಮುತ್ತದೆ. ಕೆಲವು ಇಂಜಿನ್ನಿಗೆ ರಿವರ್ಸ್ ಗೇರ್ ಹಾಕಿದರೆ ಲಾಕ್ ತಾನೇ ಬೀಳುತ್ತದೆ, ಕೆಲವಕ್ಕೆ ಕೈಯಿಂದ ಹಾಕಬೇಕು. ನಿನ್ನದು ಯಾವುದು ಅಂತ ದಂಡೆಯಲ್ಲೇ ತಿಳಿದುಕೋ.

ನೀರು ಕಡಿಮೆ ಇದ್ದ ಕಡೆ ಸ್ವಲ್ಪ ಎತ್ತಿ ಓಡಿಸಬಹುದು, ನಿಧಾನವಾಗಿ ಮಾತ್ರ. ಹಿಂದೆ ಇಂಜಿನ್ ತಣಿಸಿದ ನೀರು ಸಣ್ಣಗೆ ಪಿಚಕಾರಿ ಹಾಗೆ ಬರುತ್ತಿರಬೇಕು. ನಿಂತಿತು ಅಂದರೆ ನೀರೆಳೆಯುವ ತೂತು ಮೇಲೆ ಬಂದಿದೆ, ಇಲ್ಲಾ ಕಸ ಕಟ್ಟಿದೆ. ತಕ್ಷಣ ಆರಿಸು, ಹುಟ್ಟು ಹಾಕಿಕೊಂಡು ಬಾ. ರಾತ್ರಿ ಎತ್ತಿ ನಿಲ್ಲಿಸುವಾಗ ಪೆಟ್ರೋಲ್ ಪೈಪು ಬಿಚ್ಚು.

ಲೈಫ್ ಜಾಕೆಟ್ ಮನೆಯ ಗೂಟಕ್ಕೆ ನೇತಾಡುತ್ತಿದೆ ಅಂತಲೂ ಅಕ್ಕ ಹೇಳಿದಳು. ಭಾನುವಾರ ಹುಣಸಗಿಯಿಂದ ಮೊದಲ ಬಸ್ಸಿಗೆ ಬರುತ್ತೇನೆ, ಅದನ್ನು ಹಾಕಿಕೊಂಡೇ ದಂಡೆಗೆ ಬಾ. ಆ ಪಿನ್ನು ಇಬ್ಬರೂ ಸೇರಿ ಬದಲಿಸೋಣ.

ನಿನ್ನ
ಮಾಮಾ